ವಾರಿಜಕ್ಕನ ರೇಶನ್ ಕಾರ್ಡು ಮತ್ತು ನನ್ನ ಜ್ಞಾಪಕಶಕ್ತಿ

ನನ್ನನ್ನು ಕಂಡರೆ ರೇಶನ್ ಅಂಗಡಿಯವರು ನಡುಗುತ್ತಾರೆ ಎಂದು ನಾನು ಮೂವತ್ತಕ್ಕೂ ಹೆಚ್ಚು ವರ್ಷ ನಂಬಿಕೊಂಡಿದ್ದೆ. ಆಹಾರ ನಿರೀಕ್ಷಕನೆಂಬ ಹುದ್ದೆ, ಕಂಕುಳಲ್ಲಿ ಚರ್ಮದ ಚೀಲ, ಜೇಬಿನಲ್ಲಿ ಕೆಂಪು ನೀಲಿ ಎರಡು ಪೆನ್ನು. ಹೇಳದೆ ಕೇಳದೆ ಹೋಗಿ ಅಂಗಡಿಯ ಎದುರು ಬಸ್ಸಿಳಿದರೆ ಅಲ್ಲಿ ಎಲ್ಲವೂ ಅಚ್ಚುಕಟ್ಟು. ದಾಸ್ತಾನು ಸರಿ, ಬೆಲೆಯ ಬೋರ್ಡು ಸರಿ, ಚಿಮಿಣಿ ಎಣ್ಣೆಯ ಡ್ರಮ್ಮಿಗೆ ಕೋಲು ಇಳಿಸಿ ನೋಡಿದರೆ ಅಳತೆಯೂ ಸರಿ. ನಿವೃತ್ತನಾದ ಮೇಲೆ ಒಂದು ಮದುವೆ ಊಟದಲ್ಲಿ ನಾರಾವಿಯ ರೇಶನ್ ಅಂಗಡಿಯ ಧರಣಪ್ಪನವರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಪಾಯಸ ಉಣ್ಣುತ್ತಾ ಹೇಳಿದರು: “ನೀವು ಬರುವುದು ನಮಗೆ ಮೊದಲೇ ಗೊತ್ತಾಗ್ತಿತ್ತು ಸಾರ್. ನಿಮಗಿಂತ ಮುಂಚಿನ ಬಸ್ಸಿನ ಕಂಡಕ್ಟರ್ ಹೇಳಿ ಹೋಗ್ತಿದ್ದ. ನೀವು ಬೆಳ್ತಂಗಡಿಯಲ್ಲಿ ಗೋಳಿಬಜೆ ತಿಂದು ಎರಡನೇ ಬಸ್ಸು ಹಿಡಿಯುವವರಲ್ವಾ? ನಮಗೆ ಮುಕ್ಕಾಲು ಗಂಟೆ ಟೈಮು ಸಿಕ್ತಿತ್ತು.” ನನ್ನ ದಿಢೀರ್ ತಪಾಸಣೆಗಳೆಲ್ಲ ಗೋಳಿಬಜೆಯ ದಯೆಯಿಂದ ನಡೆದದ್ದು ಎಂದು ತಿಳಿಯಲು ನಾನು ಪಿಂಚಣಿ ತೆಗೆದುಕೊಳ್ಳುವವರೆಗೆ ಕಾಯಬೇಕಾಯಿತು.

ಇದನ್ನು ಬರೆಯಲು ಹಚ್ಚಿದವಳು ನನ್ನ ತಂಗಿಯ ಮಗಳು. ಅವಳಿಗೆ ಅದೇ ಇಲಾಖೆಯಲ್ಲಿ ಕೆಲಸ ಸಿಕ್ಕಿದೆ. “ಮಾಮ, ಕಂಪ್ಯೂಟರ್ ಇಲ್ಲದೆ ನೀವೆಲ್ಲ ಹೇಗೆ ಕೆಲಸ ಮಾಡ್ತಿದ್ದದ್ದು?” ಎಂದು ಕೇಳಿದಳು. ತಪ್ಪು ಮಾಡಲಿಕ್ಕೆ ಕಂಪ್ಯೂಟರ್ ಬೇಕಾಗುವುದಿಲ್ಲ ಮಗಳೇ ಎಂದೆ. ಹಾಗಾದರೆ ಆ ತಪ್ಪುಗಳನ್ನೇ ಬರೆದು ಕೊಡಿ, ನಾವು ನಾಲ್ಕು ಜನ ಹೊಸಬರು ಓದುತ್ತೇವೆ ಎಂದಳು. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವ ಊರಿಗೆ ವರ್ಗವಾಯಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿ ಉಂಟು. ಅದನ್ನು ಓದುವ ಕರ್ಮ ಅವರಿಗೆ ಬೇಡ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಬೆಳ್ತಂಗಡಿ ತಾಲೂಕಿನಲ್ಲಿ ಕೆಲಸಕ್ಕೆ ಸೇರಿದಾಗ ಅಕ್ಕಿ, ಸಕ್ಕರೆ, ಎಣ್ಣೆ, ಯಾವುದರ ಬೆಲೆಯೂ ಹೋದ ತಿಂಗಳಿನ ಹಾಗೆ ಇರುತ್ತಿರಲಿಲ್ಲ. ಕೂಲಿ ಮಾತ್ರ ಹೋದ ವರ್ಷದ್ದೇ ಇರುತ್ತಿತ್ತು. ಜನ ಹೇಗಾದರೂ ಬದುಕಿಕೊಳ್ಳಲಿ ಎಂದು ಸರಕಾರ ಕಂಟ್ರೋಲ್ ದರದಲ್ಲಿ ಅಕ್ಕಿ, ಸಕ್ಕರೆ, ಚಿಮಿಣಿ ಎಣ್ಣೆ, ಆಮೇಲಾಮೇಲೆ ಪಾಮೋಲಿನ್ ಎಣ್ಣೆ ಕೊಡುತ್ತಿತ್ತು. ಯಾರಿಗೆ ಎಷ್ಟು ಎಂಬುದು ಕಾರ್ಡಿನಲ್ಲಿ, ಕಾರ್ಡು ಯಾರಿಗೆ ಎಂಬುದು ನಮ್ಮ ವರದಿಯಲ್ಲಿ. ಇಪ್ಪತ್ತನಾಲ್ಕು ಪ್ರಾಯದವನ ಕೈಗೆ ಅಷ್ಟು ಅಧಿಕಾರ ಕೊಡಬಾರದು. ಮೀಸೆ ಬೆಳೆಸಿದ್ದು ನಾನು ಆಗಲೇ.

ಮೊದಲನೆಯ ಮಂಗಾಟ ಒಲೆ ಎಣಿಸಿದ್ದು. ನಮ್ಮ ಆಗಿನ ಶಿರಸ್ತೇದಾರರು, ಅಂದರೆ ಆಹಾರ ಶಾಖೆಯ ಮುಖ್ಯಸ್ಥರು, ಘಟ್ಟದ ಮೇಲಿನವರು. ಒಂದೊಂದು ಮನೆಯಲ್ಲಿ ಎರಡು ಮೂರು ಕಾರ್ಡು ಇಟ್ಟುಕೊಂಡಿದ್ದಾರೆ ಎಂದು ಅವರಿಗೆ ಯಾರೋ ಹೇಳಿದ್ದರು. “ಮನೆ ಮನೆಗೆ ಹೋಗ್ರೀ, ಒಲೆ ಎಣಿಸ್ರೀ. ಒಂದು ಒಲೆ ಅಂದ್ರೆ ಒಂದು ಕುಟುಂಬ, ಒಂದು ಕಾರ್ಡು” ಎಂದು ಅಪ್ಪಣೆ ಮಾಡಿದರು. ನಮ್ಮ ಊರಿನ ಮನೆಗಳಲ್ಲಿ ಅಡಿಗೆಗೆ ಒಂದು ಒಲೆ, ಬಚ್ಚಲಿಗೆ ಒಂದು, ಅಂಗಳದ ಬದಿಯಲ್ಲಿ ಭತ್ತ ಬೇಯಿಸಲು ಒಂದು, ಹಟ್ಟಿಯ ಪಕ್ಕ ದನಕ್ಕೆ ಹುರುಳಿ ಬೇಯಿಸಲು ಒಂದು ಇರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೂಡುಬಿದಿರೆ ಹತ್ತಿರದ ತೋಡಾರಿನಲ್ಲಿ ಅಂಥದೇ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಆದರೂ ಅಪ್ಪಣೆಯೆಂದರೆ ಅಪ್ಪಣೆ ಎಂದು ಚಾರ್ಮಾಡಿಯವರೆಗೆ ಹೋಗಿ ಎಣಿಸಿದೆ. ಅಲ್ಲೊಬ್ಬ ನಿವೃತ್ತ ಮಾಸ್ಟ್ರ ಮನೆಗೆ ‘ನಾಲ್ಕು ಒಲೆ, ನಾಲ್ಕು ಕುಟುಂಬ’ ಎಂದು ಬರೆದೆ. ಅವರ ಮನೆಗೆ ನಾಲ್ಕು ಕಾರ್ಡು ಮಂಜೂರಾಗಿ ಹೋಯಿತು. ಮರುವಾರ ಮಾಸ್ಟ್ರು ಮೂರು ಕಾರ್ಡು ಹಿಡಿದುಕೊಂಡು ಕಚೇರಿಗೆ ಬಂದರು.

“ಅಡಿಗೆಮನೆಯದ್ದು ಇಟ್ಟುಕೊಂಡಿದ್ದೇನೆ,” ಎಂದರು ಬಹಳ ವಿನಯದಿಂದ. “ಬಚ್ಚಲಿಗೆ ಸಕ್ಕರೆ ಬೇಡ. ದನಕ್ಕೂ ಅಭ್ಯಾಸ ಇಲ್ಲ. ಇವನ್ನು ಹಿಂದೆ ತೆಗೆದುಕೊಳ್ಳುವ, ಆಗದಾ?”

ಶಿರಸ್ತೇದಾರರು ನನ್ನ ಮುಖ ನೋಡಿದರು, ನಾನು ಫ್ಯಾನು ನೋಡಿದೆ. ಫ್ಯಾನು ತಿರುಗುತ್ತಿರಲಿಲ್ಲ.

ಅದೇ ವರ್ಷ ಅಕ್ಕಿಯದ್ದೊಂದು ಕಥೆ. ರೇಶನ್ನಿಗೆ ಬರುತ್ತಿದ್ದದ್ದು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ನಮ್ಮ ಕಡೆ ಗಂಜಿಗೂ ಊಟಕ್ಕೂ ಕುಚ್ಚಲಕ್ಕಿಯೇ ಬೇಕು. ಬೆಳ್ತಿಗೆ ದೋಸೆಗೆ, ಇಲ್ಲವೇ ಜ್ವರ ಬಂದವರಿಗೆ. ಮಳೆಗಾಲದಲ್ಲಿ ಗದ್ದೆಗಿಳಿದು ಕೆಲಸ ಮಾಡುವವರು ಅದನ್ನುಂಡರೆ ಹತ್ತು ಗಂಟೆಗೇ ಹಸಿವು ಎನ್ನುತ್ತಿದ್ದರು. ಹಾಗಾಗಿ ಮೂಟೆಗಳು ಅಂಗಡಿಯಲ್ಲೇ ಉಳಿದವು. ಕಾರಣ ಕೇಳಿ ಜಿಲ್ಲೆಯಿಂದ ಪತ್ರ ಬಂತು. ಆಗ ನನಗೆ ಚಂದದ ಕನ್ನಡ ಬರೆಯುವ ಚಟ. ‘ಈ ಭಾಗದ ಜನತೆಗೆ ಬೆಲೆಯೇರಿಕೆಯ ಬಾಧೆ ಅಷ್ಟಾಗಿ ತಟ್ಟಿರುವಂತೆ ಕಾಣುವುದಿಲ್ಲ’ ಎಂದು ಉತ್ತರ ಬರೆದು, ಎರಡು ಸಲ ಓದಿ ಸಂತೋಷಪಟ್ಟೆ. ಆ ಶನಿವಾರ ಊರಿನ ಮನೆಗೆ ಹೋದರೆ ಅಮ್ಮ ಬೆಳ್ತಿಗೆ ಅನ್ನ ಬಡಿಸಿದರು. ಇದೆಂತದು, ಇದನ್ನು ಯಾರು ಉಣ್ಣುವುದು ಎಂದು ನಾನು ಬೊಬ್ಬೆ ಹೊಡೆದೆ. ಮುಂದಿನ ತಿಂಗಳು ನಮ್ಮ ಭಾಗದ ಅಕ್ಕಿಯ ಪಾಲನ್ನೇ ಕಡಿಮೆ ಮಾಡಿದರು. ಜನ ತಿನ್ನದ ಅಕ್ಕಿಯೂ ಸಿಗದ ಹಾಗೆ ಆಯಿತು. ದೋಸೆಗೂ ಇಲ್ಲ ಎಂದು ಹೆಂಗಸರು ಬೈದದ್ದು ಸರಕಾರಕ್ಕೆ. ಬರೆದವನು ನಾನೆಂದು ಯಾರಿಗೂ ತಿಳಿಯಲಿಲ್ಲ, ಈಗ ಹೇಳಿದ್ದೇನೆ.

ಇವೆಲ್ಲ ನಗಾಡಿ ಮರೆಯಬಹುದಾದವು. ನಾರಾವಿಯ ವಾರಿಜಕ್ಕನ ಕಾರ್ಡಿನ ವಿಷಯ ಹಾಗಲ್ಲ. ಅದನ್ನು ಸರಿಯಾಗಿ ಹೇಳಬೇಕಾದರೆ ಶಾಲೆಯ ಜಗಲಿಯಲ್ಲಿ ನಾವು ಹೊಸ ಕಾರ್ಡು ಬರೆದ ದಿನದಿಂದಲೇ ಹೇಳಬೇಕು.

ಅರ್ಜಿಯ ಮೊದಲ ಕಾಲಮು ‘ಕುಟುಂಬದ ಯಜಮಾನ’. ವಾರಿಜಕ್ಕ ಒಂದು ಕೂಸನ್ನು ಸೊಂಟದಲ್ಲಿಟ್ಟುಕೊಂಡು, ಇನ್ನೊಂದರ ಕೈ ಹಿಡಿದು ಸಾಲಿನಲ್ಲಿ ಬಂದರು. ಬೀಡಿ ಕಟ್ಟಿ ಜೀವನ ಮಾಡುವವರು. ಮನೆಯಲ್ಲಿ ಯಾರು ಯಾರು ಎಂದು ಕೇಳಿದೆ.

“ಅಮ್ಮ, ನಾನು, ಇವು ಎರಡು ಮಕ್ಕಳು.”

“ಯಜಮಾನ ಯಾರು?”

“ಅಮ್ಮ.”

“ಗಂಡಸರ ಹೆಸರು ಹೇಳಿ.”

“ಗಂಡಸರು ಇಲ್ಲ ಮಾರಾಯ್ರೆ. ಇವರ ಅಪ್ಪ ಅವರ ಅಮ್ಮನ ಮನೆಯಲ್ಲಿ ಇರುವುದು, ಬಂಟ್ವಾಳದ ಕಡೆ. ಅಲ್ಲಿ ಬೇಸಾಯ ಉಂಟು. ಶನಿವಾರ ಬರ್ತಾರೆ, ಸೋಮವಾರ ಹೋಗ್ತಾರೆ.”

ಅಳಿಯಕಟ್ಟಿನ ಮನೆಗಳಲ್ಲಿ ಇದು ಹೊಸತಲ್ಲ. ಹೆಣ್ಣು ಹುಟ್ಟಿದ ಮನೆಯಲ್ಲೇ ಇರುತ್ತಾಳೆ, ಮಕ್ಕಳು ಅವಳ ಮನೆಯವರು, ಗಂಡ ಬಂದು ಹೋಗುತ್ತಾನೆ. ಅಂಥ ಮನೆಗಳು ಆಗಲೇ ಕಡಿಮೆಯಾಗುತ್ತಿದ್ದರೂ ಇದ್ದವು. ಆದರೆ ನಮ್ಮ ಕಾಲಮಿಗೆ ಗಂಡಸು ಬೇಕಿತ್ತು. “ಬರ್ತಾರಲ್ಲ, ಅಷ್ಟು ಸಾಕು. ಹೆಸರು?” ಎಂದೆ. ಗಂಡನ ಹೆಸರನ್ನು ಆಕೆ ಹೇಳುವಂತಿಲ್ಲ. ಹಿಂದೆ ನಿಂತಿದ್ದ ಒಬ್ಬರು “ಮೋನಪ್ಪ” ಎಂದರು, ಅವರ ತಂದೆಯ ಹೆಸರನ್ನೂ ಹೇಳಿದರು. ಬರೆದೆ.

ವಾರಿಜಕ್ಕ ಸ್ವಲ್ಪ ಹೊತ್ತು ನಿಂತೇ ಇದ್ದರು. “ಅವರ ಹೆಸರು ಅಲ್ಲಿಯ ಕಾರ್ಡಿನಲ್ಲಿಯೂ ಉಂಟು. ಇಲ್ಲಿಯೂ ಬರೆದರೆ ನಾಳೆ ತೊಂದರೆ ಆಗ್ಲಿಕ್ಕಿಲ್ವಾ?”

“ಎಂತದೂ ಆಗುವುದಿಲ್ಲ. ನಾನಿದ್ದೇನಲ್ಲ,” ಎಂದೆ. ಹಾಗೆ ಮೋನಪ್ಪ ಎಂಬವರು ವಾರಕ್ಕೆರಡು ದಿನ ಉಳಿಯುವ ಮನೆಗೆ ಯಜಮಾನರಾದರು.

ಎರಡು ವರ್ಷದ ಮೇಲೆ ನನಗೆ ಬಂಟ್ವಾಳಕ್ಕೆ ವರ್ಗವಾಯಿತು. ಅಲ್ಲಿ ಹೋಟೆಲುಗಳ ಉಸ್ತುವಾರಿಯೂ ನನ್ನದೇ. ಬೆಲೆ ಏರಿದ ಕಾಲದಲ್ಲಿ ಚಾ ತಿಂಡಿಯ ದರ ಏರದಿರಲಿ ಎಂದು ಹೋಟೆಲಿನವರಿಗೆ ಪರ್ಮಿಟ್ಟಿನ ಮೇಲೆ ಅಗ್ಗದ ಸಕ್ಕರೆ ಸಿಗುತ್ತಿತ್ತು. ಪ್ರತಿಯಾಗಿ ಅವರು ದರಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಬೇಕು. ಬಿ.ಸಿ. ರೋಡಿನ ಒಂದು ಸಣ್ಣ ಹೋಟೆಲಿನಲ್ಲಿ ಪಟ್ಟಿ ಕಾಣದೆ ಕೇಸು ಬರೆಯಲು ಕುಳಿತೆ. ಮಾಲೀಕರು ನನ್ನನ್ನು ನಿಧಾನವಾಗಿ ಎಬ್ಬಿಸಿ, ನಾನು ಒರಗಿ ಕುಳಿತಿದ್ದ ಗೋಡೆ ತೋರಿಸಿದರು. ದರಪಟ್ಟಿ ನನ್ನ ತಲೆಯ ಹಿಂದೆಯೇ ಇತ್ತು. “ಒಂದು ಗಂಟೆಯಿಂದ ನೀವೇ ಅಡ್ಡ ಕೂತದ್ದು ಸಾರ್. ಗಿರಾಕಿಗಳು ರೇಟು ಕೇಳಿ ಕೇಳಿ ತಿನ್ನುತ್ತಾ ಇದ್ದಾರೆ,” ಎಂದರು. ಕೇಸು ಹರಿದು ಹಾಕಿ ಚಾ ಕುಡಿದೆ, ಪಟ್ಟಿಯ ದರವನ್ನೇ ಕೊಟ್ಟೆ.

ಆ ಬಂಟ್ವಾಳದ ಕಚೇರಿಯಲ್ಲಿಯೇ ಮೋನಪ್ಪನವರನ್ನು ಕಂಡದ್ದು. ತಮ್ಮ ಊರಿನ ಅಂಗಡಿಯಲ್ಲಿ ಚಿಮಿಣಿ ಎಣ್ಣೆಯ ಅಳತೆ ಕಡಿಮೆ ಎಂದು ದೂರು ಹಿಡಿದುಕೊಂಡು ಬಂದು ಅರ್ಧ ಗಂಟೆ ನನ್ನ ಹತ್ತಿರ ವಾದ ಮಾಡಿದರು. ತಾಯಿಯ ಮನೆಯ ಕಾರ್ಡಿನಲ್ಲಿ ಅವರ ಹೆಸರು, ಅವರ ತಂದೆಯ ಹೆಸರು, ಎಲ್ಲ ನೋಡಿದ್ದೆ. ಹಾಗೆ ನೋಡಿದ್ದು ನನ್ನ ತಲೆಯಲ್ಲಿ ಕೂತುಬಿಡುತ್ತಿತ್ತು. ನನಗೆ ಭಾರೀ ಜ್ಞಾಪಕಶಕ್ತಿ ಎಂದು ಕಚೇರಿಯಲ್ಲೆಲ್ಲ ಹೆಸರಿತ್ತು. ಹೆಚ್ಚಾಗಿ ಹೇಳುತ್ತಿದ್ದವನು ನಾನೇ.

ಎಂಬತ್ತರ ದಶಕದ ಮೊದಲಲ್ಲಿ ಪುನಃ ಬೆಳ್ತಂಗಡಿಗೆ ಬಂದಾಗ ಬೋಗಸ್ ಕಾರ್ಡು ಹಿಡಿಯುವ ಕೆಲಸ ಜೋರಾಗಿ ನಡೆಯುತ್ತಿತ್ತು. ಯಾವ ತಾಲೂಕು ಎಷ್ಟು ಹಿಡಿಯಿತು ಎಂದು ಮೇಲಿನವರು ಕೇಳುತ್ತಿದ್ದರು. ನಾರಾವಿಯ ಪಟ್ಟಿ ಓದುತ್ತಿದ್ದಾಗ ಮೋನಪ್ಪನವರ ಹೆಸರು ಕಣ್ಣಿಗೆ ಬಿತ್ತು. ತಂದೆಯ ಹೆಸರೂ ಅದೇ. ಈ ಮನುಷ್ಯ ಬಂಟ್ವಾಳದವನಲ್ಲವೇ ಎಂದು ನನ್ನ ತಲೆ ಕೂಡಲೇ ಹೇಳಿತು. ಸರಿಯಾದ ಕ್ರಮವೆಂದರೆ ಆ ಒಂದು ಹೆಸರನ್ನು ಒಂದು ಕಡೆಯಿಂದ ತೆಗೆಯುವುದು. ನಾನು ಕೆಂಪು ಪೆನ್ನಿನಲ್ಲಿ ‘ಯಜಮಾನನು ಬೇರೆ ತಾಲೂಕಿನ ವಾಸಿ. ಕಾರ್ಡು ನಕಲಿ. ರದ್ದು’ ಎಂದು ಇಡೀ ಮನೆಗೇ ಗೀಟು ಎಳೆದೆ. ಆ ಮನೆಗೆ ಹೋಗಿ ನೋಡಲಿಲ್ಲ. ಕಡತದಿಂದಲೇ ಎರಡು ತಾಲೂಕಿನ ಕಳ್ಳನನ್ನು ಹಿಡಿದೆನೆಂದು ಕಚೇರಿಯಲ್ಲಿ ಎರಡು ದಿನ ಬೀಗಿದೆ.

ಹದಿನೈದು ದಿನದಲ್ಲಿ ವಾರಿಜಕ್ಕ ಬಂದರು. ಅವರಿಗೆ ಅದು ಒಂದು ದಿನದ ಬೀಡಿ ಬಿಟ್ಟು, ಎರಡು ಬಸ್ಸು ಹತ್ತಿ ಬರುವ ದಾರಿ. ಬೊಬ್ಬೆ ಹಾಕಲಿಲ್ಲ, ಅಳಲೂ ಇಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟರು.

“ರೇಶನ್ ಅಂಗಡಿಯಲ್ಲಿ ಅಕ್ಕಿ ಕೊಡುವುದಿಲ್ಲ ಅಂದ್ರು. ನಾವು ಬೋಗಸ್ಸಂತೆ. ನಾಲ್ಕು ಜನ ಉಣ್ಣುವುದು ಮಾರಾಯ್ರೆ. ನೀವು ಬಂದು ನೋಡಿ.”

“ಯಜಮಾನರು ಅಲ್ಲಿ ಇಲ್ಲವಲ್ಲ?”

“ಇಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಬೇಡ ಅಂತಲೂ ಹೇಳಿದ್ದೆ. ಬರೆದವರು ಕೇಳ್ಬೇಕಲ್ಲ.”

ಕಾರ್ಡು ತಿರುಗಿಸಿ ನೋಡಿದೆ. ನನ್ನದೇ ಅಕ್ಷರ. ಆಗ ಶಾಲೆಯ ಜಗಲಿ, ಸೊಂಟದ ಕೂಸು ಎಲ್ಲ ನೆನಪಿಗೆ ಬಂತು. ನನ್ನ ಆ ಪ್ರಸಿದ್ಧ ಜ್ಞಾಪಕಶಕ್ತಿ ಮೋನಪ್ಪನವರ ತಂದೆಯ ಹೆಸರನ್ನು ಇಟ್ಟುಕೊಂಡು, ಈ ಹೆಂಗಸಿಗೆ ಕೊಟ್ಟ ಮಾತನ್ನು ಬಿಟ್ಟುಬಿಟ್ಟಿತ್ತು. ವಾರಿಜಕ್ಕನಿಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ ತಿಳಿಯದು. ಮೀಸೆ ತೆಗೆದಿದ್ದೆ. “ನೋಡುವ, ಪರಿಶೀಲನೆ ಮಾಡ್ತೇವೆ,” ಎಂದು ಕಳಿಸಿದೆ. ನಾನೇ ಬರೆದದ್ದು ಎಂದು ಹೇಳುವ ಧೈರ್ಯ ಬರಲಿಲ್ಲ.

ಆಗಿನ ಶಿರಸ್ತೇದಾರರು ಬೇರೆಯವರು. ಬಹಳ ಮೆತ್ತಗೆ ಮಾತಾಡುವವರು, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ವಿಷಯ ತಿಳಿಸಿದಾಗ ಬಾಗಿಲು ಮುಂದೆ ಮಾಡಿ ಹೇಳಿದರು: “ರದ್ದಾದ ಕಾರ್ಡುಗಳ ಲೆಕ್ಕ ಮೇಲೆ ಹೋಗಿ ಆಯ್ತಲ್ಲ. ಈಗ ಒಂದು ತಪ್ಪು ಅಂತ ಬರೆದರೆ ಉಳಿದದ್ದು ಎಷ್ಟು ಸರಿ ಅಂತ ಕೇಳ್ತಾರೆ. ನಿಮ್ಮ ಬಡ್ತಿಯ ಫೈಲೂ ಅಲ್ಲಿಯೇ ಉಂಟು. ಸ್ವಲ್ಪ ದಿನ ಹೋಗ್ಲಿ.” ನನಗೂ ಬೇಕಿದ್ದದ್ದು ಅದೇ ಮಾತು. ಸ್ವಲ್ಪ ದಿನ ಹೋಗಲು ಬಿಟ್ಟೆ.

ವಾರಿಜಕ್ಕ ಎರಡನೇ ಸಲ ಪಂಚಾಯತಿಯ ಪತ್ರ ಹಿಡಿದು ಬಂದರು. ಪರಿಶೀಲನೆಯಲ್ಲಿದೆ ಎಂದೆ. ಮೂರನೇ ಸಲ ಬಂದದ್ದು ಮಳೆಗಾಲ ಶುರುವಾದ ಮೇಲೆ. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ. “ಆಗುವುದಿಲ್ಲ ಅಂತಾದರೆ ಆಗುವುದಿಲ್ಲ ಅಂತ ಹೇಳಿ. ನಾನು ಬೇರೆ ದಾರಿ ನೋಡ್ತೇನೆ. ಹೊರಗಿನ ಅಂಗಡಿಯ ಅಕ್ಕಿ ನನ್ನ ಒಬ್ಬಳ ಬೀಡಿಯಲ್ಲಿ ಪೂರೈಸುವುದಿಲ್ಲ,” ಎಂದರು. ಆಗುತ್ತದೆ, ಆಗುತ್ತದೆ ಎಂದೆ. ಬೇರೆ ದಾರಿ ಯಾವುದು ಎಂದು ಕೇಳಲಿಲ್ಲ. ಕೇಳಬೇಕಿತ್ತು.

ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಮ್ಮನ ಹತ್ತಿರ ಕಚೇರಿಯ ಸುದ್ದಿ ಹೇಳುತ್ತಾ ಈ ಕಥೆಯನ್ನೂ ಹೇಳಿದೆ. ನಗಬಹುದು ಎಂದುಕೊಂಡಿದ್ದೆ. ನಮ್ಮದೂ ಅಳಿಯಕಟ್ಟಿನ ಮನೆ. ಅಮ್ಮ ಹುಟ್ಟಿದ್ದು, ನಾವು ಹುಟ್ಟಿದ್ದು, ಎಲ್ಲ ತೋಡಾರಿನ ಅದೇ ಮನೆಯಲ್ಲಿ. ಅಪ್ಪ ಬೇರೆ ಊರಿನಲ್ಲಿದ್ದು ಬಂದು ಹೋಗುತ್ತಿದ್ದವರು. ಅಮ್ಮ ನಗಲಿಲ್ಲ. ಕಡೆಯುವ ಕಲ್ಲಿನಿಂದ ಕೈ ತೆಗೆದು ತುಳುವಿನಲ್ಲಿ ಕೇಳಿದರು.

“ನಿನ್ನ ಅಪ್ಪ ಸಾಯುವವರೆಗೆ ಈ ಮನೆಗೆ ನೆಂಟರ ಹಾಗೆ ಬಂದು ಹೋದವರು. ಅವರ ಹೆಸರು ಯಾವತ್ತೂ ಈ ಮನೆಯ ಕಾರ್ಡಿನಲ್ಲಿ ಇರಲಿಲ್ಲ. ಹಾಗಾದರೆ ನಾನೂ ಬೋಗಸ್ಸಾ? ನೀನು ಎಂತದು?”

ನಾನು ಏಳಲು ನೋಡಿದೆ.

“ಆ ಹೆಂಗಸಿನ ಮಕ್ಕಳು ಏನು ಉಣ್ಣುತ್ತಾರೆ ಈಗ?” ಎಂದು ಕೇಳಿದರು. ಆ ದಿನ ನನಗೆ ನಿಜವಾಗಿ ನಾಚಿಕೆಯಾಯಿತು.

ಹಬ್ಬ ಕಳೆದು ಹೋದ ಕೂಡಲೇ ಟಿಪ್ಪಣಿ ಬರೆದೆ. ಅರ್ಜಿಯಲ್ಲಿ ಯಜಮಾನನ ಹೆಸರು ತಪ್ಪಾಗಿ ಬರೆದವನು ನಾನು, ಸ್ಥಳಕ್ಕೆ ಹೋಗದೆ ಕಾರ್ಡು ರದ್ದು ಮಾಡಿದವನೂ ನಾನು, ಅರ್ಜಿದಾರರ ತಪ್ಪಿಲ್ಲ ಎಂದು. ಚಂದದ ಕನ್ನಡ ಆ ಸಲ ಬರಲಿಲ್ಲ, ನಾಲ್ಕು ಸಾಲಿನಲ್ಲಿ ಮುಗಿಯಿತು. ಶಿರಸ್ತೇದಾರರು ಓದಿ, ಕನ್ನಡಕ ಒರೆಸಿ, “ನೀವು ಹಟಮಾರಿ ಮಾರಾಯ್ರೆ” ಎಂದು ಮೇಲೆ ಕಳಿಸಿದರು. ನನಗೆ ವಿವರಣೆ ಕೇಳಿ ನೋಟೀಸು ಬಂತು, ಬಡ್ತಿ ಮುಂದೆ ಹೋಯಿತು. ಅದಕ್ಕೆ ಬೇಸರವಿಲ್ಲ ಎಂದರೆ ಸುಳ್ಳು. ಒಂದು ವಾರ ಮುಖ ಊದಿಸಿಕೊಂಡಿದ್ದೆ. ಕಾರ್ಡು ಪುನಃ ಕೊಡುವ ಆದೇಶ ಬರುವಾಗ ಮತ್ತೆ ಸೆಕೆಗಾಲ. ರದ್ದು ಮಾಡಿ ಹೆಚ್ಚುಕಡಿಮೆ ಒಂದು ವರ್ಷ ಆಗಿತ್ತು.

ಆದೇಶದ ಜೊತೆ ಒಂದು ಷರತ್ತು ಇತ್ತು. ಅರ್ಜಿದಾರರು ಮುಂದೆ ಇಲಾಖೆಯ ಮೇಲೆ ದೂರು ಕೊಡದ ಹಾಗೆ ಒಂದು ಹೇಳಿಕೆಗೆ ಸಹಿ ಪಡೆದು ಕಾರ್ಡು ಕೊಡಬೇಕು. ಅದರ ಒಕ್ಕಣೆ ಬರೆದವನೂ ನಾನೇ, ಕಚೇರಿಯಲ್ಲಿ ಯಾವಾಗಲೂ ಬರೆಯುವ ಹಾಗೆ. ಕಾರ್ಡನ್ನು ಅಂಗಡಿಗೆ ಕಳಿಸಬಹುದಿತ್ತು. ನಾನೇ ತೆಗೆದುಕೊಂಡು ಹೋದೆ. ಒಳ್ಳೆಯ ಸುದ್ದಿ ಒಯ್ಯುವವನ ಹುಮ್ಮಸ್ಸು ಕೂಡ ನನ್ನಲ್ಲಿತ್ತು ಎಂದು ಒಪ್ಪಿಕೊಳ್ಳಬೇಕು.

ಮನೆಯ ಜಗಲಿಯಲ್ಲಿ ವಾರಿಜಕ್ಕನೂ ಅವರ ದೊಡ್ಡ ಮಗಳೂ ಮಡಿಲಲ್ಲಿ ತಡ್ಪೆ, ಅಂದರೆ ಬೀಡಿಯ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಶಾಲೆಗೆ ರಜೆ ಇರಬಹುದು ಎಂದುಕೊಂಡೆ. ನಾನು ಕಾರ್ಡು ತೆಗೆದು ಯಜಮಾನರ ಕಾಲಮಿನಲ್ಲಿ ಅಜ್ಜಿಯ ಹೆಸರು ಬರೆದದ್ದನ್ನು ತೋರಿಸಿದೆ. ಮೊದಲು ಬರೆದವನು, ರದ್ದು ಮಾಡಿದವನು ನಾನೇ ಎಂದೂ ಹೇಳಿದೆ.

“ಗೊತ್ತುಂಟು,” ಎಂದರು ವಾರಿಜಕ್ಕ. “ಮೀಸೆ ತೆಗೆದರೆ ಗುರುತು ಸಿಕ್ಕುದಿಲ್ವಾ?”

ಹೇಳಿಕೆಯ ಕಾಗದ ಮುಂದಿಟ್ಟೆ. ತನಗೆ ಓದಲು ಬರುವುದಿಲ್ಲ, ಮಗಳು ಓದುತ್ತಾಳೆ ಎಂದರು. ಹುಡುಗಿಯ ಹೆಸರು ಪುಷ್ಪಾ, ಹದಿಮೂರು ಪ್ರಾಯ ಇರಬಹುದು. ತಂಬಾಕಿನ ಕೈಯನ್ನು ಲಂಗಕ್ಕೆ ಒರೆಸಿ, ಕಾಗದವನ್ನು ಎತ್ತಿ ಹಿಡಿದು, ಒಂದಕ್ಷರವೂ ತಡವರಿಸದೆ ಅಮ್ಮನಿಗೆ ಕೇಳುವಂತೆ ಓದಿದಳು: “ಕಾರ್ಡು ಮರಳಿ ದೊರೆಯುವಲ್ಲಿ ಆದ ವಿಳಂಬದಿಂದ ನಮಗೆ ಯಾವುದೇ ನಷ್ಟ ಉಂಟಾಗಿರುವುದಿಲ್ಲ.”

“ಎಷ್ಟು ಚಂದ ಓದುತ್ತಿ,” ಎಂದೆ. “ಯಾವ ಕ್ಲಾಸು?”

“ಏಳನೆಯದ್ದಕ್ಕೆ ಬಿಟ್ಟೆ ಸಾರ್.”

ವಾರಿಜಕ್ಕ ಬೀಡಿ ಕಟ್ಟುವುದನ್ನು ನಿಲ್ಲಿಸದೆ ಹೇಳಿದರು: “ಅಕ್ಕಿಗೆ ಆಗ್ಬೇಕಲ್ಲ. ಮಳೆಗಾಲದಲ್ಲಿ ಬೀಡಿಗೆ ಕೂರಿಸಿದೆ. ಕಾರ್ಡು ಬಂದ ಕೂಡಲೇ ಪುನಃ ಕಳಿಸುವ ಅಂತ ಇದ್ದೆ, ಶಾಲೆಯ ಮಾಸ್ಟ್ರು ಎರಡು ಸಲ ಬಂದು ಕೇಳಿದ್ರು. ಈಗ ಅವಳೇ ಬೇಡ ಅಂತಾಳೆ. ಸಣ್ಣ ಮಕ್ಕಳ ಒಟ್ಟಿಗೆ ಕೂರ್ಲಿಕ್ಕೆ ನಾಚಿಕೆಯಂತೆ.”

ನಾನು ಮಾಸ್ಟ್ರ ಹತ್ತಿರ ಮಾತಾಡುತ್ತೇನೆ, ಜೂನಿನಲ್ಲಿ ಸೇರಿಸುವ ಎಂದೆ. ಹುಡುಗಿ “ಬೇಡ ಸಾರ್” ಎಂದು ನಕ್ಕಳು. ನಾಚಿಕೆಯ ನಗು. ಅಷ್ಟರಲ್ಲಿ ಅವಳ ಬೆರಳು ಇನ್ನೊಂದು ಎಲೆ ಸುತ್ತಿ ಆಗಿತ್ತು. ಮಾತಾಡಿದೆ, ಜೂನಿನಲ್ಲಿ ಮಾಸ್ಟ್ರು ಹೋಗಿ ಕರೆದರು ಕೂಡ. ಅವಳು ಹೋಗಲಿಲ್ಲ.

ಆ ಕಾಗದವನ್ನು ಅಲ್ಲಿಯೇ ಹರಿದು ಹಾಕಬೇಕೆಂದು ನನಗೆ ಅನಿಸಿತು. ಹರಿದರೆ ಕಾರ್ಡು ಕೊಡುವ ಹಾಗಿರಲಿಲ್ಲ. “ಸಹಿ ಹಾಕು ಮಗಾ, ಅವರಿಗೆ ಬಸ್ಸಿಗೆ ಹೊತ್ತಾಯ್ತು,” ಎಂದರು ವಾರಿಜಕ್ಕ. ಪುಷ್ಪಾ ನನ್ನ ಪೆನ್ನು ತೆಗೆದುಕೊಂಡು ಆ ಸಾಲಿನ ಕೆಳಗೆ ಅಮ್ಮನ ಹೆಸರನ್ನು ಗುಂಡಗೆ ಬರೆದು, ಪಕ್ಕದಲ್ಲಿ ಅಮ್ಮನ ಹೆಬ್ಬೆಟ್ಟು ಒತ್ತಿಸಿದಳು. ನಾನು ದಿನಾಂಕ ಹಾಕಿದೆ.